ಅಲ್ದಾನಿಯ ಅಣೆಕಟ್ಟು ನಿಜಕ್ಕೂ ಇದೆಯಾ?

ಪ್ರಶ್ನೆ: ನಾವು ನಾಲ್ಕೈದು ಗೆಳೆಯರು ಸ್ಟಾರ್ ವಾರ್ಸ್ ಲೋಕದ 'ಆಂಡೋರ್' ಸರಣಿಯ ಎರಡೂ ಸೀಸನ್ ನೋಡಿ ಮುಗಿಸಿದೆವು. ಅವತ್ತಿನಿಂದ ವಾದ ನಿಂತಿಲ್ಲ. ಅದರಲ್ಲಿ ಬರುವ ಅಲ್ದಾನಿ ಗ್ರಹದ ಬೆಟ್ಟ, ಅಣೆಕಟ್ಟು ಎಲ್ಲಾ ಕಂಪ್ಯೂಟರಿನಲ್ಲೇ ಮಾಡಿದ್ದು ಅಂತ ಒಬ್ಬ. ಇಲ್ಲ, ಅದು ಐಸ್‌ಲ್ಯಾಂಡ್ ಅಂತ ಇನ್ನೊಬ್ಬಳು. ಯಾವುದು ನಿಜವಾದ ಜಾಗ, ಯಾವುದು ಸೆಟ್? ನೋಡುವಾಗ ಗುರುತಿಸುವುದು ಹೇಗೆ? ಇನ್ನೊಂದು ಮಾತು. ಕಥಾನಾಯಕ ಕ್ಯಾಸಿಯನ್ ಕೊನೆಗೆ ಏನಾಗುತ್ತಾನೆ ಅಂತ ನಮಗೆ ಮೊದಲೇ ಗೊತ್ತಿತ್ತು. ಆದರೂ ಈ ಕಥೆ ಬಿಗಿಯಾಗಿ ಹಿಡಿದು ಕೂರಿಸಿತು. ಅದಕ್ಕೂ ಈ ಜಾಗಗಳಿಗೂ ಏನಾದರೂ ಸಂಬಂಧ ಇದೆಯಾ? ಹೋಗಿ ನೋಡಬಹುದಾದ ಜಾಗ ಯಾವುದು?

ಉತ್ತರ: ಮೊದಲು ನಿಮ್ಮ ವಾದ ಮುಗಿಸಿಬಿಡೋಣ. ಅಲ್ದಾನಿಯ ಅಣೆಕಟ್ಟು ನಿಜವಾಗಿಯೂ ಇದೆ. ಅದು ಇರುವುದು ಸ್ಕಾಟ್ಲೆಂಡಿನಲ್ಲಿ. ಪಶ್ಚಿಮದ ಆರ್ಗೈಲ್ ಸೀಮೆಯಲ್ಲಿ ಬೆನ್ ಕ್ರೂವಕನ್ ಅಂತ 1,126 ಮೀಟರ್ ಎತ್ತರದ ಬೆಟ್ಟವಿದೆ. ಅದರ ಮಡಿಲಲ್ಲಿ ಕಟ್ಟಿರುವ ಕ್ರೂವಕನ್ ಅಣೆಕಟ್ಟನ್ನೇ ನೀವು ನೋಡಿದ್ದು. ಐಸ್‌ಲ್ಯಾಂಡ್ ಅಂದ ಗೆಳತಿಯ ಊಹೆ ತೀರಾ ಆಧಾರವಿಲ್ಲದ್ದೇನಲ್ಲ. ಈ ಸರಣಿ ಹೋಗಿ ಸೇರುವ 'ರೋಗ್ ಒನ್' (2016) ಸಿನಿಮಾದ ಆರಂಭದಲ್ಲಿ ಬರುವ ಕಪ್ಪು ಮಣ್ಣಿನ ಹೊಲ ಐಸ್‌ಲ್ಯಾಂಡಿನದೇ. ಅದರ ನೆನಪು ಇಲ್ಲಿ ಬೆರೆತಿರಬಹುದು.

ಈ ಅಣೆಕಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಇಲ್ಲಿ ಕಥೆಗಿಂತ ನಿಜವೇ ಹೆಚ್ಚು ವಿಚಿತ್ರ. ಗೋಡೆಯ ಉದ್ದ 316 ಮೀಟರ್. ನೀರಿಲ್ಲದ ಬದಿಯಲ್ಲಿ ನಿಂತು ನೋಡಿದರೆ ಅದು ನುಣ್ಣಗಿನ ಗೋಡೆ ಅಲ್ಲ. ಸಾಲಾಗಿ ನಿಂತ ಕಾಂಕ್ರೀಟ್ ಆನೆಗಾಲುಗಳು. ಒಂದೊಂದರ ನಡುವೆ ಕತ್ತಲು ತುಂಬಿದ ಸಂದು. ಮಳೆ ಮಂಜಿಗೆ ಕಾಂಕ್ರೀಟು ಕಪ್ಪಿಟ್ಟು ಬೆಟ್ಟದ ಬಣ್ಣಕ್ಕೇ ತಿರುಗಿದೆ. ಆದರೆ ವಿದ್ಯುತ್ ಕೇಂದ್ರ ಎಲ್ಲಿ ಅಂತ ಹುಡುಕಿದರೆ ಹೊರಗೆ ಕಾಣುವುದೇ ಇಲ್ಲ. ಅದು ಬೆಟ್ಟದ ಹೊಟ್ಟೆಯೊಳಗೆ ಇದೆ. ಸುಮಾರು 1 ಕಿಲೋಮೀಟರ್ ಸುರಂಗದಲ್ಲಿ ಒಳಗೆ ಹೋದರೆ ಬಂಡೆ ಕೊರೆದು ಮಾಡಿದ ದೊಡ್ಡ ಸಭಾಂಗಣ, ಅದರಲ್ಲಿ ಟರ್ಬೈನುಗಳು. ಈ ಕೇಂದ್ರ ಶುರುವಾದದ್ದು 1965ರಲ್ಲಿ. ವಿದ್ಯುತ್ತಿಗೆ ಬೇಡಿಕೆ ಕಡಿಮೆ ಇದ್ದಾಗ ಕೆಳಗಿನ 'ಲಾಕ್ ಆ' ಸರೋವರದಿಂದ ನೀರನ್ನು ಮೇಲಕ್ಕೆ ಎತ್ತಿ ಇಡುತ್ತಾರೆ, ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುತ್ತಾರೆ. ಸ್ಥಳೀಯರು ಇದನ್ನು ಟೊಳ್ಳು ಬೆಟ್ಟ ಅಂತಲೇ ಕರೆಯುತ್ತಾರೆ.

ಈಗ ಕಥೆ ನೆನಪಿಸಿಕೊಳ್ಳಿ. ಸಾಮ್ರಾಜ್ಯದ ಸೈನ್ಯ ಅಣೆಕಟ್ಟಿನ ಒಳಗೇ ಠಾಣೆ ಮಾಡಿಕೊಂಡಿದೆ. ಒಂದು ಇಡೀ ವಲಯದ ಮೂರು ತಿಂಗಳ ಸಂಬಳದ ಹಣ ಅಲ್ಲಿ ಭದ್ರವಾಗಿದೆ. ಕ್ಯಾಸಿಯನ್ ಮತ್ತು ಅವನ ಜೊತೆಗಾರರು ಅದನ್ನು ಕದಿಯಲು ಒಳಗೆ ನುಗ್ಗುತ್ತಾರೆ. ಹೊರಗೆ ನೋಡಿದರೆ ಗೋಡೆ, ಒಳಗೆ ಒಂದು ಲೋಕ. ಈ ಜಾಗಕ್ಕೆ ಆ ಕಥೆ ಎಷ್ಟು ಸಲೀಸಾಗಿ ಕೂತಿದೆ ನೋಡಿ! ಠಾಣೆಯ ಒಳಭಾಗ ಸೆಟ್. ಉಲ್ಕೆಗಳ ಮಳೆಯ ಹಾಗೆ ಆಕಾಶದಲ್ಲಿ ಉರಿಯುವ ಆ 'ಕಣ್ಣು' ಪೂರ್ತಿ ಗ್ರಾಫಿಕ್ಸ್. ಆದರೆ ಗೋಡೆ, ಬೆಟ್ಟದ ಇಳಿಜಾರು, ಕಾಲಿಗೆ ಸಿಗುವ ಒದ್ದೆ ಹುಲ್ಲು, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಬಟ್ಟೆ, ಇವೆಲ್ಲ ಅಲ್ಲಿನವೇ.

ಬಂಡುಕೋರರು ಕುರಿ ಕಾಯುವವರ ಹಾಗೆ ಉಡುಪು ಹಾಕಿಕೊಂಡು ಕಣಿವೆಯಲ್ಲಿ ನಡೆಯುತ್ತಾರಲ್ಲ, ಆ ಭಾಗಕ್ಕೆ ಪರ್ತ್‌ಶೈರ್ ಸೀಮೆಯ ಗ್ಲೆನ್ ಟಿಲ್ಟ್ ಕಣಿವೆಯನ್ನೂ ಬಳಸಿದ್ದಾರೆ. ಈ ಕಣಿವೆಯ ಹೆಸರು ಭೂವಿಜ್ಞಾನ ಓದಿದವರಿಗೆ ಚೆನ್ನಾಗಿ ಗೊತ್ತು. 1785ರಲ್ಲಿ ಜೇಮ್ಸ್ ಹಟನ್ ಇಲ್ಲಿಗೆ ಬಂದು, ಬೇರೆ ಶಿಲೆಯ ಬಿರುಕುಗಳೊಳಗೆ ಗ್ರಾನೈಟ್ ನರಗಳ ಹಾಗೆ ನುಗ್ಗಿರುವುದನ್ನು ಕಂಡ. ಗ್ರಾನೈಟ್ ಒಂದು ಕಾಲದಲ್ಲಿ ಕರಗಿದ ಬಿಸಿ ದ್ರವವಾಗಿತ್ತು ಅನ್ನುವುದಕ್ಕೆ ಅದು ಸಾಕ್ಷಿಯಾಯಿತು. ಭೂಮಿಯ ವಯಸ್ಸು ಊಹೆಗೂ ಮೀರಿದ್ದು ಅಂತ ಹೇಳಿದ ಮನುಷ್ಯ ನಡೆದ ಕಣಿವೆಯಲ್ಲೇ ಬೇರೆ ಗ್ರಹದ ಕಥೆ ತೆಗೆದಿದ್ದಾರೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಇನ್ನೂ ಒಂದು ಇದೆ. ಕಥೆಯಲ್ಲಿ ಅಲ್ದಾನಿಯ ಮೂಲನಿವಾಸಿಗಳಾದ ಧಾನಿ ಜನರನ್ನು ಅವರ ಎತ್ತರದ ನೆಲದಿಂದ ಮೆಲ್ಲಗೆ ಎಬ್ಬಿಸಿ ಕೆಳಗಿನ ಸೀಮೆಗೆ ಸಾಗಿಸಿದ್ದಾರೆ. ಉಳಿದವರು ವರ್ಷಗಳಿಗೊಮ್ಮೆ ಯಾತ್ರೆಗೆ ಮಾತ್ರ ಬರುತ್ತಾರೆ. ಸ್ಕಾಟ್ಲೆಂಡಿನ ಈ ಬೆಟ್ಟಸೀಮೆಯಲ್ಲೂ 18 ಮತ್ತು 19ನೇ ಶತಮಾನದಲ್ಲಿ ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿ, ಆ ನೆಲವನ್ನು ಕುರಿ ಸಾಕಣೆಗೆ ಬಿಟ್ಟರು. ಎಷ್ಟೋ ಕಣಿವೆಗಳಲ್ಲಿ ಇವತ್ತಿಗೂ ಮನೆಗಳ ಕಲ್ಲಿನ ಅಡಿಪಾಯ ಮಾತ್ರ ಕಾಣುತ್ತದೆ. ಪರದೆಯ ಮೇಲೆ ಆ ಖಾಲಿತನ ಅಷ್ಟು ಭಾರವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಅದು ಯಾವತ್ತೂ ಜನ ಇಲ್ಲದ ನೆಲ ಅಲ್ಲ. ಜನ ಇದ್ದು ಹೋದ ನೆಲ.

ಈಗ ಎಲ್ಲಾ ಕಂಪ್ಯೂಟರ್ ಅಂದ ಗೆಳೆಯನ ಮಾತಿಗೆ ಬರೋಣ. ಅವನು ಹಾಗೆ ಅಂದುಕೊಂಡಿದ್ದರಲ್ಲಿ ತಪ್ಪಿಲ್ಲ. 2019ರಲ್ಲಿ ಬಂದ 'ದಿ ಮ್ಯಾಂಡಲೋರಿಯನ್' ಸರಣಿಯಿಂದ ಸ್ಟಾರ್ ವಾರ್ಸ್ ಶೂಟಿಂಗ್ ಅಂದರೆ ಎಲ್‌ಇಡಿ ಗೋಡೆ ಅನ್ನುವ ಹಾಗಾಯಿತು. ನಟರ ಸುತ್ತ ಅರೆವೃತ್ತದಲ್ಲಿ ದೊಡ್ಡ ಎಲ್‌ಇಡಿ ಪರದೆ ನಿಲ್ಲಿಸುತ್ತಾರೆ. ಅದರ ಮೇಲೆ ಮರಳುಗಾಡೋ ಹಿಮವೋ ಮೂಡುತ್ತದೆ. ಕ್ಯಾಮೆರಾ ಸರಿದ ಹಾಗೆ ಆ ಚಿತ್ರವೂ ಅದಕ್ಕೆ ತಕ್ಕಂತೆ ಸರಿಯುತ್ತದೆ. ಗೇಮ್ ಓಡಿಸುವ ಸಾಫ್ಟ್‌ವೇರೇ ಇದನ್ನೂ ಓಡಿಸುವುದು. ಒಳ್ಳೆಯ ತಂತ್ರ, ಅನುಮಾನವಿಲ್ಲ. ಹೊಳೆಯುವ ಲೋಹದ ಉಡುಪಿನ ಮೇಲೆ ಸುತ್ತಲಿನ ಬೆಳಕು ಸರಿಯಾಗಿ ಪ್ರತಿಫಲಿಸಬೇಕೆಂದರೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ಆದರೆ ಅದಕ್ಕೆ ಮಿತಿಗಳಿವೆ. ನಟ ಒಂದಷ್ಟು ಹೆಜ್ಜೆ ಇಟ್ಟರೆ ಪರದೆ ಎದುರಾಗುತ್ತದೆ. ಹಾಗಾಗಿ ಓಟ, ಗುಂಪು, ಗಲಾಟೆ ಎಲ್ಲಾ ಸಣ್ಣ ಜಾಗದಲ್ಲೇ ಮುಗಿಯಬೇಕು. ಪರದೆಯಿಂದ ಬರುವುದು ಮೆತ್ತನೆಯ ಬೆಳಕು, ಮಧ್ಯಾಹ್ನದ ಬಿಸಿಲಿನ ಹರಿತವಾದ ನೆರಳು ಅದರಿಂದ ಹುಟ್ಟುವುದಿಲ್ಲ. 'ಆಂಡೋರ್' ತಂಡ ಈ ಗೋಡೆಯನ್ನು ಬಳಸಲಿಲ್ಲ. ಸರಣಿಯ ರೂವಾರಿ ಟೋನಿ ಗಿಲ್ರಾಯ್ ಮತ್ತು ಕಲಾ ನಿರ್ದೇಶನದ ಹೊಣೆ ಹೊತ್ತ ಲೂಕ್ ಹಲ್ ಸೆಟ್ ಕಟ್ಟುವುದು, ಹೊರಗೆ ಹೋಗುವುದು ಅನ್ನುವ ಹಳೆಯ ದಾರಿಯನ್ನೇ ಹಿಡಿದರು. ಮೊದಲ ಸೀಸನ್ ಶೂಟಿಂಗ್ ನಡೆದದ್ದು ಕೋವಿಡ್ ಕಾಲದಲ್ಲಿ, ಬ್ರಿಟನ್ನಿನಲ್ಲಿ. ಓಡಾಟಕ್ಕೇ ಅಡ್ಡಿ ಇದ್ದ ದಿನಗಳಲ್ಲಿ ಒಂದೇ ದೇಶದೊಳಗೆ ಇಷ್ಟೊಂದು ಗ್ರಹಗಳನ್ನು ಹುಡುಕಿ ತೆಗೆದರಲ್ಲ, ಅದಕ್ಕೆ ಕೈಮುಗಿಯಬೇಕು.

ಹಾಗಂತ ಗ್ರಾಫಿಕ್ಸ್ ಇಲ್ಲವೇ ಇಲ್ಲ ಅಂತ ಅಲ್ಲ. ರಾಶಿ ಇದೆ. ಎಲ್ಲಿದೆ ಅನ್ನುವುದು ಮುಖ್ಯ. ಗುರುತಿಸಲು ನನ್ನದೊಂದು ಸುಲಭದ ಉಪಾಯ ಇದೆ. ಹೊರಾಂಗಣದ ದೃಶ್ಯ ಬಂದಾಗ ಕಣ್ಣನ್ನು ನಟರ ಕಾಲ ಹತ್ತಿರಕ್ಕೆ ಇಳಿಸಿ. ನೆಲ, ಮೆಟ್ಟಿಲು, ಬಾಗಿಲು, ಕೈ ಊರಿದ ಕಂಬ ಇವೆಲ್ಲ ಬಹುಪಾಲು ನಿಜ. ಅಲ್ಲಿಂದ ಮೇಲಕ್ಕೆ ಹೋಗಿ. ಎರಡನೆಯ ಅಥವಾ ಮೂರನೆಯ ಮಹಡಿಯ ಮಟ್ಟದಲ್ಲೆಲ್ಲೋ ನಿಜದ ಕಟ್ಟಡ ಮುಗಿದು ಗ್ರಾಫಿಕ್ಸ್ ಶುರುವಾಗುತ್ತದೆ. ಬೆಟ್ಟಗುಡ್ಡವಾದರೆ ದಿಗಂತದ ಗೆರೆ ನೋಡಿ. ಬೆಟ್ಟದ ಅಂಚು ಬೇರೆ ಬೇರೆ ಶಾಟ್‌ಗಳಲ್ಲಿ ಅದೇ ಆಕಾರದಲ್ಲಿ, ಆದರೆ ಬೇರೆ ಬೇರೆ ಬೆಳಕಿನಲ್ಲಿ ಕಂಡರೆ ಅದು ನಿಜವಾದ ಬೆಟ್ಟ ಅನ್ನುವ ಸಾಧ್ಯತೆ ಜಾಸ್ತಿ.

ಈ ಜೋಡಣೆ ಕಣ್ಣಿಗೆ ಬೀಳದ ಹಾಗೆ ಮಾಡುವುದರ ಹಿಂದೆ ಒಂದು ಪುಟ್ಟ ಕೆಲಸ ಇರುತ್ತದೆ. ಸಾಮಾನ್ಯವಾಗಿ ಇಂಥ ಶೂಟಿಂಗ್‌ನಲ್ಲಿ ಒಂದು ಟೇಕ್ ಮುಗಿದ ಕೂಡಲೇ ಗ್ರಾಫಿಕ್ಸ್ ತಂಡದ ಒಬ್ಬರು ನಟ ನಿಂತಿದ್ದ ಜಾಗಕ್ಕೇ ಓಡಿ ಹೋಗಿ, ಕೋಲಿನ ತುದಿಗೆ ಸಿಕ್ಕಿಸಿದ ಎರಡು ಗುಂಡು ಹಿಡಿದು ನಿಲ್ಲುತ್ತಾರೆ. ಒಂದು ಕನ್ನಡಿಯ ಹಾಗೆ ಹೊಳೆಯುವ ಬೆಳ್ಳಿ ಬಣ್ಣದ್ದು, ಇನ್ನೊಂದು ಹೊಳಪಿಲ್ಲದ ಬೂದು ಬಣ್ಣದ್ದು. ಬೆಳ್ಳಿ ಗುಂಡಿನಲ್ಲಿ ಇಡೀ ಆಕಾಶ, ಸೂರ್ಯ, ಸುತ್ತಲಿನ ಗೋಡೆ ಎಲ್ಲಾ ಪುಟ್ಟದಾಗಿ ಕಾಣುತ್ತದೆ. ಬೂದು ಗುಂಡಿನ ಮೇಲೆ ನೆರಳು ಎಷ್ಟು ಗಾಢ, ಯಾವ ಕಡೆಗೆ ಅಂತ ತಿಳಿಯುತ್ತದೆ. ತಿಂಗಳುಗಟ್ಟಲೆ ಆದಮೇಲೆ ಕಂಪ್ಯೂಟರಿನಲ್ಲಿ ಗೋಪುರ ಎಬ್ಬಿಸುವವರು ಆ ಹೊತ್ತಿನ ಬೆಳಕನ್ನು ಇದರಿಂದಲೇ ಮತ್ತೆ ಹುಟ್ಟಿಸುವುದು. ಅಂದರೆ ಗ್ರಾಫಿಕ್ಸ್ ಚೆನ್ನಾಗಿ ಬರಬೇಕಾದರೂ ಮೊದಲು ಒಂದು ನಿಜವಾದ ಬಿಸಿಲು ಬೇಕು.

ರಾಜಧಾನಿ ಕೊರುಸಾಂಟ್ ಬಗ್ಗೆ ನೀವು ಕೇಳಿಲ್ಲ. ಆದರೆ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಕೆಲಸ ಕಳೆದುಕೊಂಡ ಸಿರಿಲ್ ತಾಯಿಯ ಮನೆಗೆ ವಾಪಸ್ ಬರುವಾಗ ಕಾಣುವ ಮೆಟ್ಟಿಲು ಮೆಟ್ಟಿಲಾದ ವಸತಿ ಕಟ್ಟಡ ಲಂಡನ್ನಿನ ಬ್ಲೂಮ್ಸ್‌ಬರಿಯ ಬ್ರನ್ಸ್‌ವಿಕ್ ಸೆಂಟರ್. ಪ್ಯಾಟ್ರಿಕ್ ಹಾಜ್‌ಕಿನ್ಸನ್ ಅನ್ನುವ ವಾಸ್ತುಶಿಲ್ಪಿಯ ವಿನ್ಯಾಸ, ಮುಗಿದದ್ದು 1972ರಲ್ಲಿ. ಕೊರುಸಾಂಟಿನ ಬೀದಿ, ಮೇಲುದಾರಿಗಳಿಗೆ ಲಂಡನ್ನಿನ ಬಾರ್ಬಿಕನ್ ಬಳಸಿದ್ದಾರೆ. ಎರಡನೇ ಮಹಾಯುದ್ಧದ ಬಾಂಬಿಗೆ ನೆಲಸಮವಾದ ಜಾಗದಲ್ಲಿ 1965ರಿಂದ 1976ರವರೆಗೆ ಕಟ್ಟಿದ ವಸತಿ ಸಂಕೀರ್ಣ ಅದು. ಅದರ ಕಲಾಕೇಂದ್ರ ತೆರೆದದ್ದು 1982ರಲ್ಲಿ.

ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಅಣೆಕಟ್ಟು 1965. ಬ್ರನ್ಸ್‌ವಿಕ್ 1972. ಬಾರ್ಬಿಕನ್ ಮನೆಗಳು 1976. ಮೊದಲ ಸ್ಟಾರ್ ವಾರ್ಸ್ ಸಿನಿಮಾ ಬಂದದ್ದು ಯಾವಾಗ? 1977ರಲ್ಲಿ.

ಪ್ರೀಕ್ವೆಲ್ ಮಾಡುವವರ ದೊಡ್ಡ ಕಷ್ಟ ಇದೇ. ಕಥೆ ನಡೆಯುವುದು ಮೊದಲ ಸಿನಿಮಾಕ್ಕಿಂತ ಹಿಂದೆ. ಶೂಟಿಂಗ್ ಮಾತ್ರ ಸುಮಾರು 45 ವರ್ಷ ಆದಮೇಲೆ. ಇವತ್ತಿನ ಕಣ್ಣಿಗೆ ಭವಿಷ್ಯ ಅಂತ ಅನಿಸುವ ಗಾಜಿನ ಕಟ್ಟಡ, ತೆಳ್ಳನೆ ಪರದೆ ಹಾಕಿಬಿಟ್ಟರೆ ಮುಂದಿನ ಕಥೆ ಹಳೆಯದಾಗಿ, ಹಿಂದಿನ ಕಥೆ ಹೊಸದಾಗಿ ಕಾಣುತ್ತದೆ. ಸುಮಾರು ಪ್ರೀಕ್ವೆಲ್‌ಗಳು ಎಡವಿದ್ದು ಇಲ್ಲೇ. ಬೇಕಾಗಿದ್ದು 1977ರ ಜನ ಕಂಡ ಭವಿಷ್ಯ. ಒರಟು, ಭಾರ, ದಪ್ಪ ಗುಂಡಿಗಳ ಭವಿಷ್ಯ. ಆ ಭವಿಷ್ಯವನ್ನು ಆ ಕಾಲದ ವಾಸ್ತುಶಿಲ್ಪಿಗಳು ಕಾಂಕ್ರೀಟಿನಲ್ಲಿ ಆಗಲೇ ಕಟ್ಟಿಬಿಟ್ಟಿದ್ದರು. 'ಆಂಡೋರ್' ತಂಡ ಹೋಗಿ ಅದರ ಮುಂದೆ ಕ್ಯಾಮೆರಾ ಇಟ್ಟಿತು. ಈ ಸರಣಿಯ ಲೊಕೇಶನ್‌ಗಳ ಬಗ್ಗೆ ನಾನು ಒಂದೇ ಮಾತು ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಬಾರ್ಬಿಕನ್ ಗೋಡೆಯನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ದೂರಕ್ಕೆ ಅದು ಬರೀ ಬೂದು ಗೋಡೆ. ಹತ್ತಿರ ಹೋದರೆ ಮೈತುಂಬ ಸಣ್ಣ ಸಣ್ಣ ಕುಳಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೆಲಸಗಾರರು ಕೈಯಲ್ಲಿ ಹಿಡಿಯುವ ಸುತ್ತಿಗೆ ಯಂತ್ರದಿಂದ ಅದರ ಮೇಲ್ಪದರವನ್ನು ಚುಚ್ಚಿ ಚುಚ್ಚಿ ತೆಗೆದಿದ್ದಾರೆ. ಒಳಗಿನ ಗ್ರಾನೈಟ್ ಜಲ್ಲಿ ಹೊರಗೆ ಕಾಣುತ್ತದೆ. ಅಂಗೈ ಇಟ್ಟರೆ ತರಚುತ್ತದೆ. ಅಷ್ಟು ದೊಡ್ಡ ಸಂಕೀರ್ಣದ ಗೋಡೆಗಳನ್ನು ಹೀಗೆ ಜನ ಕೈಯಾರೆ ಕೆತ್ತಿದ್ದಾರೆ. ಓರೆ ಬೆಳಕು ಬಿದ್ದಾಗ ಆ ಪ್ರತಿ ಕುಳಿಯಲ್ಲೂ ಒಂದು ಚೂರು ನೆರಳು ಕೂರುತ್ತದೆ. ಕ್ಯಾಮೆರಾಗೆ ಸಿಗುವುದು ಅದೇ. ನೋಡುವವರಿಗೆ ಕಾರಣ ಹೊಳೆಯದೇ ಇರಬಹುದು, ಗೋಡೆ ತೂಕದ್ದು ಅನ್ನುವುದು ಮಾತ್ರ ತಿಳಿದೇ ತಿಳಿಯುತ್ತದೆ.

ಈ ಕಟ್ಟಡಗಳ ಬಗ್ಗೆ ನನಗೆ ಒಂದು ನೋವೂ ಇದೆ. ಯುದ್ಧ ಮುಗಿದ ಮೇಲೆ ಜನರಿಗೆ ಒಳ್ಳೆಯ ಮನೆ, ವಿದ್ಯುತ್ತು, ಕಲೆ ಎಲ್ಲಾ ಸಿಗಬೇಕು ಅನ್ನುವ ಆಸೆಯಿಂದ ಕಟ್ಟಿದವು ಇವು. ಕಥೆಯಲ್ಲಿ ಅವೇ ಜನರನ್ನು ಕಾವಲು ಕಾಯುವ ಸಾಮ್ರಾಜ್ಯದ ಮುಖವಾಗಿವೆ. ಬಾರ್ಬಿಕನ್‌ನಲ್ಲಿ ಕೆರೆ ಇದೆ, ಬಾಲ್ಕನಿ ತುಂಬ ಹೂವಿನ ಕುಂಡ ಇವೆ. ಕಥೆಗೆ ಬೇಕಾದ ಕೊರುಸಾಂಟಿನಲ್ಲಿ ಅವಕ್ಕೆ ಜಾಗ ಇಲ್ಲ.

ಎರಡನೇ ಸೀಸನ್‌ನಲ್ಲಿ ತಂಡ ಸ್ಪೇನಿಗೂ ಹೋಯಿತು. ಸೆನೆಟ್ ಕಟ್ಟಡವಾಗಿ ಕಾಣುವುದು ವೆಲೆನ್ಸಿಯಾದ ಕಲೆ ಮತ್ತು ವಿಜ್ಞಾನಗಳ ನಗರಿ. ಸ್ಯಾಂಟಿಯಾಗೊ ಕಲಾತ್ರಾವಾ ಮತ್ತು ಫೆಲಿಕ್ಸ್ ಕಾಂಡೆಲಾ ಇದರ ವಾಸ್ತುಶಿಲ್ಪಿಗಳು. ಮೊದಲ ಕಟ್ಟಡ ತೆರೆದದ್ದು 1998ರಲ್ಲಿ. 1957ರಲ್ಲಿ ತೂರಿಯಾ ನದಿಗೆ ಭಾರೀ ಪ್ರವಾಹ ಬಂದ ಮೇಲೆ ನದಿಯನ್ನೇ ನಗರದ ಹೊರಗೆ ತಿರುಗಿಸಿದರು. ಬರಿದಾದ ಆ ಹಳೆಯ ಪಾತ್ರದಲ್ಲಿ ಎದ್ದದ್ದು ಈ ನಗರಿ. ನಾನು ಹೇಳಿದ ಇಸವಿ ಲೆಕ್ಕಕ್ಕೆ ಇದು ಹೊಂದುವುದಿಲ್ಲ ಅಂತ ನೀವು ಕೇಳಬಹುದು. ಸರಿಯೇ. ಆದರೆ ಸೆನೆಟ್ ಆ ಲೋಕದ ಅತಿ ಶ್ರೀಮಂತ ಮುಖ. ಅಲ್ಲಿ ಎಲ್ಲಾ ಬೆಳ್ಳಗೆ, ಬಾಗಿದ ಪಕ್ಕೆಲುಬುಗಳ ಹಾಗೆ ಇರಬೇಕು. ಆ ಬಿಳುಪಿನ ಬಹುಭಾಗ ಒಡೆದ ಪಿಂಗಾಣಿ ಹೆಂಚಿನ ಚೂರುಗಳನ್ನು ಅಂಟಿಸಿ ಮಾಡಿದ್ದು, ಅದು ಸ್ಪೇನಿನ ಆ ಭಾಗದ ಹಳೆಯ ಕಸುಬು. ಸೆನೆಟರ್ ಮಾನ್ ಮಾತ್ಮಾ ಸತ್ಯ ಹೇಳಿ ಅಲ್ಲಿಂದ ತಪ್ಪಿಸಿಕೊಳ್ಳುವಾಗ, ಅಷ್ಟು ಬೆಳಕು ತುಂಬಿದ ಕಟ್ಟಡದಲ್ಲಿ ಅಡಗಿಕೊಳ್ಳಲು ಒಂದು ಮೂಲೆಯೂ ಇಲ್ಲ ಅನ್ನುವುದೇ ಭಯ ಹುಟ್ಟಿಸುತ್ತದೆ.

ಸೆಟ್‌ಗಳ ಲೆಕ್ಕ ಬೇಗ ಹೇಳಿಬಿಡುತ್ತೇನೆ. ನಾರ್ಕಿನಾ 5ರ ಬಿಳಿ ಜೈಲಿನ ಒಳಭಾಗ ಪೂರ್ತಿ ಸೆಟ್. ಘೋರ್ಮನ್ ಗ್ರಹದ ಆ ದೊಡ್ಡ ಚೌಕವೂ ಕಟ್ಟಿದ್ದೇ. ನಿಯಾಮೋಸ್ ಅನ್ನುವ ಮೋಜಿನ ಕಡಲತೀರ ಮಾತ್ರ ನಿಜದ್ದು. ಇಂಗ್ಲೆಂಡಿನ ಲ್ಯಾಂಕಶೈರ್ ತೀರದ ಕ್ಲೆವ್ಲಿಸ್ ಅನ್ನುವ ಪುಟ್ಟ ಊರು, ಬ್ಲ್ಯಾಕ್‌ಪೂಲ್‌ಗೆ ಹತ್ತಿರ. ಸುಮ್ನೆ ನಡೆದು ಹೋಗುತ್ತಿದ್ದ ಕ್ಯಾಸಿಯನ್‌ನನ್ನು ಹಿಡಿದು ಆರು ವರ್ಷ ಜೈಲಿಗೆ ಹಾಕುತ್ತಾರಲ್ಲ, ಅದೇ ಜಾಗ.

ಕ್ಯಾಸಿಯನ್ ಬೆಳೆದ ಫೆರಿಕ್ಸ್ ಊರಿನ ಮಾತನ್ನು ಮಾತ್ರ ಇಷ್ಟರಲ್ಲೇ ಮುಗಿಸಲಾರೆ. ಬಕಿಂಗ್‌ಹ್ಯಾಮ್‌ಶೈರ್‌ನ ಲಿಟಲ್ ಮಾರ್ಲೋದಲ್ಲಿ ಬಯಲಿನಲ್ಲೇ ಒಂದು ಊರು ಕಟ್ಟಿದರು. ಎದುರಿಗೊಂದು ಮುಂಭಾಗ ನಿಲ್ಲಿಸಿ ಹಿಂದೆ ಕಂಬ ಕೊಟ್ಟ ಸೆಟ್ ಅಲ್ಲ. ಬೀದಿಗಳು, ತಿರುವುಗಳು, ನಡೆದು ಹೋಗಬಹುದಾದ ಊರು. ಕೆಲಸಕ್ಕೆ ಹೋಗುವಾಗ ಗೋಡೆಗೆ ನೇತು ಹಾಕಿದ ಕೈಗವಸುಗಳು ನೆನಪಿವೆಯಾ? ಯಾರ ಜೋಡಿ ಯಾವ ಮೊಳೆಗೆ ಅಂತ ಅಲ್ಲಿಯವರಿಗೆಲ್ಲ ಗೊತ್ತು. ಗೋಪುರದ ಮೇಲೆ ನಿಂತು ಕಬ್ಬಿಣ ಬಡಿಯುವವನ ಸದ್ದಿಗೆ ಊರು ಏಳುತ್ತದೆ. ಸತ್ತವರ ಬೂದಿ ಸೇರಿಸಿ ಇಟ್ಟಿಗೆ ಮಾಡಿ ಊರಿನ ಗೋಡೆಗೇ ಸೇರಿಸುತ್ತಾರೆ. ಕ್ಯಾಸಿಯನ್‌ನ ಸಾಕುತಾಯಿ ಮಾರ್ವಾಳ ಶವಯಾತ್ರೆಯ ದಿನ ಜನ ನಾಲ್ಕೂ ಕಡೆಯಿಂದ ಬಂದು ಒಂದೇ ಬೀದಿಗೆ ಸೇರುವಾಗ ನಿಮಗೆ ದಿಕ್ಕು ತಪ್ಪಲಿಲ್ಲ ಅಲ್ವಾ? ಅಷ್ಟು ಹೊತ್ತಿಗೆ ಆ ಊರಿನ ನಕ್ಷೆ ನಿಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು.

ಕೊನೆ ಗೊತ್ತಿದ್ದೂ ಯಾಕೆ ಹಿಡಿದಿಟ್ಟಿತು ಅಂದಿರಲ್ಲ, ಈಗ ಅದಕ್ಕೆ ಬಂದೆ. ಏನಾಗುತ್ತದೆ ಅನ್ನುವ ಕುತೂಹಲ ಪ್ರೀಕ್ವೆಲ್‌ಗೆ ಅರ್ಧ ಮಾತ್ರ ಸಿಗುತ್ತದೆ. ಕ್ಯಾಸಿಯನ್ ಇವತ್ತು ಸಾಯುವುದಿಲ್ಲ ಅಂತ ನಮಗೆ ಗೊತ್ತು. 'ರೋಗ್ ಒನ್' ಕೊನೆಯಲ್ಲಿ ಸಾಯುತ್ತಾನೆ ಅಂತಲೂ ಗೊತ್ತು. ಹಾಗಾಗಿ ಬರಹಗಾರರು ನಮ್ಮ ಗಮನವನ್ನು 'ಮುಂದೇನು' ಅನ್ನುವುದರಿಂದ ಬಿಡಿಸಿ 'ಈಗ ಇಲ್ಲಿ' ಅನ್ನುವುದಕ್ಕೆ ಕಟ್ಟಬೇಕು. ಆ 'ಇಲ್ಲಿ' ಗಟ್ಟಿ ಇಲ್ಲದಿದ್ದರೆ ಕಟ್ಟಲು ಗೂಟವೇ ಇರುವುದಿಲ್ಲ. ಫೆರಿಕ್ಸ್ ಬೀದಿಗೆ ಸೈನಿಕರು ಬಂದು ನಿಂತಾಗ ನನಗೆ ಹೊಟ್ಟೆಯಲ್ಲಿ ಕಿವುಚಿದ್ದು ಕ್ಯಾಸಿಯನ್‌ಗಾಗಿ ಅಲ್ಲ, ಆ ಕೈಗವಸುಗಳ ಗೋಡೆಗಾಗಿ. ಬದುಕುತ್ತಾನೆ ಅಂತ ಗೊತ್ತಿರುವುದು ಅವನೊಬ್ಬನೇ. ಊರು ಉಳಿಯುತ್ತದೆ ಅಂತ ಯಾರೂ ನಮಗೆ ಹೇಳಿರಲಿಲ್ಲ.

ಹೋಗಿ ನೋಡುವ ವಿಷಯ. ಒಂದೇ ಕಡೆ ಹೋಗಲು ಸಾಧ್ಯ ಅಂದರೆ ಕ್ರೂವಕನ್‌ಗೆ ಹೋಗಿ. ಓಬನ್ ಕಡೆಗೆ ಹೋಗುವ ರೈಲು ದಾರಿಯಲ್ಲಿ ಫಾಲ್ಸ್ ಆಫ್ ಕ್ರೂವಕನ್ ಅನ್ನುವ ಪುಟ್ಟ ನಿಲ್ದಾಣ ಇದೆ. ಚಳಿಗಾಲದಲ್ಲಿ ಅಲ್ಲಿ ರೈಲು ನಿಲ್ಲುವುದಿಲ್ಲ, ದಿನಾಂಕ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಅಲ್ಲಿಂದ ತೊರೆಯ ಪಕ್ಕದ ಕಾಡಿನಲ್ಲಿ ಕಡಿದಾದ ಕಾಲುದಾರಿ ಏರುತ್ತದೆ. ಮಳೆ ತಡೆಯುವ ಕೋಟು, ಜಾರದ ಬೂಟು ಬೇಕೇ ಬೇಕು. ಬೆಟ್ಟದ ಹವಾಮಾನ ಅರ್ಧ ಗಂಟೆಯಲ್ಲಿ ತಿರುಗಿಬಿಡುತ್ತದೆ.

ಲಂಡನ್ನಿನಲ್ಲಿ ಸಮಯ ಕಡಿಮೆ ಇದ್ದರೆ ಬ್ರನ್ಸ್‌ವಿಕ್ ಬಿಟ್ಟು ಬಾರ್ಬಿಕನ್‌ಗೆ ಹೋಗಿ. ಸಂಜೆ ಬಿಸಿಲು ಓರೆಯಾಗುವ ಹೊತ್ತಿಗೆ ಮೇಲುದಾರಿಯಲ್ಲಿ ನಿಂತರೆ ನಾನು ಹೇಳಿದ ಕುಳಿಗಳ ನೆರಳು ಕಾಣುತ್ತದೆ. ಅಲ್ಲಿ ಸಾವಿರಾರು ಜನ ವಾಸ ಮಾಡುತ್ತಾರೆ ಅನ್ನುವುದು ನೆನಪಿರಲಿ. ಕಿಟಕಿಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಫೆರಿಕ್ಸ್ ಮಾತ್ರ ನೋಡಲು ಸಿಗುವ ಊರಲ್ಲ, ಶೂಟಿಂಗಿಗೆ ಅಂತಲೇ ಕಟ್ಟಿದ್ದು ಅದು.

ಅಣೆಕಟ್ಟಿನ ಹತ್ತಿರ ತಲುಪಿದ ಮೇಲೆ ಗೋಡೆಯ ಫೋಟೋ ತೆಗೆದು ಹಾಗೇ ಇಳಿದುಬಿಡಬೇಡಿ. ಒಮ್ಮೆ ಬೆನ್ನು ತಿರುಗಿಸಿ ನಿಂತು ಕೆಳಗೆ ನೋಡಿ. ತುಂಬ ಕೆಳಗೆ ಲಾಕ್ ಆ ಸರೋವರ ಉದ್ದಕ್ಕೆ ಮಲಗಿರುತ್ತದೆ. ನಿಮ್ಮ ಕಂಪ್ಯೂಟರ್ ಗೆಳೆಯನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆ ಗಾಳಿಯಲ್ಲಿ ಅವನ ಟೋಪಿ ಹಾರದ ಹಾಗೆ ಹಿಡಿದುಕೊಳ್ಳಲು ಹೇಳಿ.